ಎತ್ತಿಕೊಂಡು ಓಡಬೇಕೋ, ಅಲ್ಲೇ ಕೂತು ಕೈ ಹಚ್ಚಬೇಕೋ?

ಜಮಖಂಡಿ, ಮುಧೋಳ, ಗೋಕಾಕ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ರಸ್ತೆ ಅಪಘಾತದ ಸುದ್ದಿಯೂ ಶುರು. ಕತ್ತಲಲ್ಲಿ ಎರಡು ಟ್ರೇಲರ್ ಎಳೆಯುತ್ತ ನಿಧಾನಕ್ಕೆ ಹೋಗುವ ಟ್ರ್ಯಾಕ್ಟರ್. ಹಿಂದೆ ರಿಫ್ಲೆಕ್ಟರ್ ಇಲ್ಲ. ಜೋರಾಗಿ ಬಂದ ಬೈಕು. ಸಪ್ಪಳ ಕೇಳಿ ಐದು ನಿಮಿಷ ಆಗುವುದರೊಳಗೆ ಅಲ್ಲಿ ಜನ ಸೇರಿರುತ್ತಾರೆ. ಕೆಲಸ ಬಿಟ್ಟು ಹೊಲದಿಂದ ಓಡಿ ಬಂದಿರುತ್ತಾರೆ, ಚಹಾದಂಗಡಿಯಿಂದ ಎದ್ದು ಬಂದಿರುತ್ತಾರೆ. ಹೀಗಾಗಿ "ಈಗಿನ ಜನಕ್ಕೆ ಕರುಣೆಯೇ ಇಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಸೇರಿದ ಜನ ಸಾಮಾನ್ಯವಾಗಿ ಏನು ಮಾಡುತ್ತಾರೆ? ಒಬ್ಬರು ಬಾಟಲಿ ತಂದು ಬಾಯಿಗೆ ನೀರು ಹಾಕುತ್ತಾರೆ. ಇನ್ನು ನಾಲ್ವರು ಕೈಕಾಲು ಹಿಡಿದು ಸಿಕ್ಕ ಟೆಂಪೋದಲ್ಲಿ ಎತ್ತಿ ಹಾಕುತ್ತಾರೆ. ಅಪಘಾತ ಇರಲಿ, ಎದೆನೋವು ಇರಲಿ, ನೀರಿಗೆ ಬಿದ್ದಿರಲಿ, ಹಾವು ಕಡಿದಿರಲಿ, ಎಲ್ಲದಕ್ಕೂ ಇದೇ ಎರಡು ಕೆಲಸ. ತೊಂದರೆ ಇರುವುದು ಇಲ್ಲೇ. ಕೆಲವು ತುರ್ತಿನಲ್ಲಿ ಬಿದ್ದ ಜಾಗದಲ್ಲೇ ಕೈ ಹಚ್ಚಿದರೆ ಜೀವ ಉಳಿಯುತ್ತದೆ, ಎತ್ತಿಕೊಂಡು ಓಡಿದರೆ ಹೋಗುತ್ತದೆ. ಇನ್ನು ಕೆಲವದರಲ್ಲಿ ಅಲ್ಲೇ ನಿಂತು ಏನೇನೋ ಮಾಡುವುದೇ ಮುಳುವು, ಮೊದಲು ಹೊರಡಬೇಕು. ಯಾವುದಕ್ಕೆ ಯಾವುದು ಅಂತ ಗೊತ್ತಿದ್ದರೆ ಅರ್ಧ ಪ್ರಥಮ ಚಿಕಿತ್ಸೆ ಕಲಿತಂತೆಯೇ.

ಹೃದಯ ನಿಂತರೆ ಅಲ್ಲೇ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹಾರ್ಟ್ ಅಟ್ಯಾಕ್ ಬೇರೆ, ಹೃದಯ ನಿಲ್ಲುವುದು ಬೇರೆ. ಅಟ್ಯಾಕ್ ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ತಡೆ. ಆ ಮನುಷ್ಯ ಎಚ್ಚರ ಇರುತ್ತಾನೆ. ಎದೆ ಹಿಂಡುತ್ತದೆ, ಬೆವರು ಬಿಡುತ್ತದೆ, ಕೈಗೋ ದವಡೆಗೋ ನೋವು ಇಳಿಯುತ್ತದೆ. ಅವನನ್ನು ನಡೆಸಬಾರದು, ಬೈಕ್ ಓಡಿಸಲು ಬಿಡಬಾರದು. ಕೂರಿಸಿಕೊಂಡು ಬೇಗ ಆಸ್ಪತ್ರೆಗೆ ಒಯ್ಯಬೇಕು. 2023ರಲ್ಲಿ ರಾಜ್ಯ ಸರ್ಕಾರ ಶುರುಮಾಡಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಅಟ್ಯಾಕ್ ಆದರೆ ಬೆಳಗಾವಿ, ವಿಜಯಪುರಕ್ಕೇ ಮುಟ್ಟಬೇಕೆಂದು ಹಟ ಹಿಡಿಯುವುದಕ್ಕಿಂತ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಇದೆಯಾ ಎಂದು ಈಗಲೇ ವಿಚಾರಿಸಿ ಇಟ್ಟುಕೊಳ್ಳುವುದು ಜಾಣತನ.

ಹೃದಯ ನಿಂತಾಗ ಕಥೆ ಬೇರೆ. ಮನುಷ್ಯ ದಿಢೀರನೆ ಕುಸಿಯುತ್ತಾನೆ. ಭುಜ ತಟ್ಟಿ ಕರೆದರೆ ಮಾತಿಲ್ಲ. ಉಸಿರು ಇರುವುದಿಲ್ಲ, ಅಥವಾ ಸರಿಯಾಗಿ ಇರುವುದಿಲ್ಲ. ಈ "ಸರಿಯಾಗಿ ಇಲ್ಲ" ಅನ್ನುವ ಕಡೆಯೇ ಜನ ಎಡವುತ್ತಾರೆ. ನಿಂತ ಹೃದಯದವರು ಮೊದಲ ಕೆಲವು ನಿಮಿಷ ಬಾಯಿ ತೆರೆದು, ಗೊರಗೊರ ಎನ್ನುತ್ತ, ಬಿಟ್ಟು ಬಿಟ್ಟು ಉಸಿರೆಳೆಯುವುದುಂಟು. ನಾವು ಅದನ್ನು ಮೇಲುಸಿರು ಅನ್ನುತ್ತೇವೆ. ಅದನ್ನು ಕಂಡವರಲ್ಲಿ ಕೆಲವರು "ಇನ್ನೂ ಉಸಿರಾಡ್ತಾನ, ಸುಮ್ನಿರ್ರಿ" ಎನ್ನುತ್ತಾರೆ. ಉಳಿದವರು "ಮುಗೀತು" ಎಂದು ಬಾಯಿಗೆ ನೀರು ಬಿಡುತ್ತಾರೆ. ಎರಡೂ ತಪ್ಪು. ಎಚ್ಚರವಿಲ್ಲದೆ ಬಿದ್ದು ಮೇಲುಸಿರು ಬಿಡುತ್ತಿದ್ದರೆ ಎದೆ ಒತ್ತಲು ಶುರುಮಾಡಬೇಕು. ಕುಸಿದ ಕ್ಷಣದಲ್ಲಿ ಕೈಕಾಲು ಅದುರಿ ಫಿಟ್ಸ್ ಬಂದ ಹಾಗೆ ಕಾಣಿಸಬಹುದು. ಆಗ ಕೈಗೆ ಕೀಲಿ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು ಮಾಡುತ್ತ ಕೂತರೆ ಅಮೂಲ್ಯ ಹೊತ್ತು ಕಳೆದುಹೋಗುತ್ತದೆ.

ಒತ್ತುವುದು ಹೇಗೆ? ಹೊರಸಿನ ಮೇಲಿದ್ದರೆ ನೆಲಕ್ಕೆ ಇಳಿಸಿ, ಏಕೆಂದರೆ ಹೊರಸು ಒತ್ತಡವನ್ನೆಲ್ಲ ತಾನೇ ನುಂಗುತ್ತದೆ. ಎದೆಯ ನಟ್ಟನಡುವೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬಾರದು. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಆಗಲೇ ಹೃದಯದೊಳಗೆ ರಕ್ತ ತುಂಬುವುದು. ನಾಡಿ ಹುಡುಕುತ್ತ ಕೂರುವುದು ಬೇಡ. ದೊಡ್ಡವರು ದಿಢೀರನೆ ಕುಸಿದಾಗ ಬಾಯಿಗೆ ಬಾಯಿ ಇಟ್ಟು ಊದಲು ಬಾರದಿದ್ದರೂ ನಡೆಯುತ್ತದೆ. ಅವರ ರಕ್ತದಲ್ಲಿ ಇನ್ನೂ ಕೆಲವು ನಿಮಿಷಕ್ಕೆ ಆಗುವಷ್ಟು ಆಮ್ಲಜನಕ ಇರುತ್ತದೆ. ಅದನ್ನು ಮಿದುಳಿಗೆ ಮುಟ್ಟಿಸುವುದಷ್ಟೇ ನಮ್ಮ ಕೆಲಸ.

ಟೆಂಪೋದಲ್ಲಿ ಹಾಕಬೇಡಿ ಎನ್ನುವುದು ಏಕೆ ಅಂದರೆ, ಒತ್ತುವುದನ್ನು ನಿಲ್ಲಿಸಬಾರದು. ಬೋರಿನ ಹ್ಯಾಂಡ್ ಪಂಪ್ ಹೊಡೆಯುವುದನ್ನು ನಿಲ್ಲಿಸಿದರೆ ನೀರು ಕೆಳಗೆ ಇಳಿದು, ಮತ್ತೆ ಎಷ್ಟೋ ಸಲ ಹೊಡೆದ ಮೇಲೆ ಬರುತ್ತದಲ್ವಾ, ರಕ್ತದ ಒತ್ತಡವೂ ಹಾಗೆಯೇ. ಹತ್ತು ಸೆಕೆಂಡ್ ಬಿಟ್ಟರೂ ಕುಸಿಯುತ್ತದೆ, ಮತ್ತೆ ಏರಲು ಹೊತ್ತು ಬೇಕು. ಕುಲುಕಾಡುವ ಗಾಡಿಯಲ್ಲಿ ಮಡಚಿ ಮಲಗಿಸಿದವರ ಎದೆಯನ್ನು ಯಾರೂ ಸರಿಯಾಗಿ ಒತ್ತಲಾರರು. ರಕ್ತ ಹೋಗದಿದ್ದರೆ ನಾಲ್ಕರಿಂದ ಆರು ನಿಮಿಷಕ್ಕೆ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಯಾರಾದರೂ ಒತ್ತುತ್ತಿದ್ದರೆ ಆ ಇಳಿತ ಶೇ. 3ರಿಂದ 4ಕ್ಕೆ ನಿಲ್ಲುತ್ತದೆ. ಹಳ್ಳಿಯಿಂದ ಪಟ್ಟಣ ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು.

ಒಬ್ಬರೇ ಒತ್ತುತ್ತ ಹೋದರೆ ಎರಡು ನಿಮಿಷದಲ್ಲಿ ಸುಸ್ತಾಗಿ, ತಮಗೆ ಗೊತ್ತಿಲ್ಲದಂತೆಯೇ ಮೇಲೆ ಮೇಲೆ ಒತ್ತತೊಡಗುತ್ತಾರೆ. ಸುತ್ತ ನಿಂತ ಜನ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತಾರೆ. ಎರಡೆರಡು ನಿಮಿಷಕ್ಕೆ ಆಳು ಬದಲಿಸಿ. ನಡುವೆ ಬಿಡುವು ಕೊಡಬೇಡಿ. "ನಡೆಯುತ್ತಿದ್ದ ಹೃದಯವನ್ನೇ ಒತ್ತಿಬಿಟ್ಟರೆ?" ಎಂಬ ಹೆದರಿಕೆ ಬಹಳ ಜನಕ್ಕೆ ಇದೆ. ಹಾಗಾದರೂ ದೊಡ್ಡ ಹಾನಿ ಆಗುವುದು ಅಪರೂಪ. ಎದೆಯ ಎಲುಬು ಮುರಿಯಬಹುದು. ಮುರಿದ ಎಲುಬು ಕೂಡುತ್ತದೆ. ಅಲ್ಲೆಲ್ಲಾದರೂ ಎಇಡಿ, ಅಂದರೆ ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರ ಇದ್ದರೆ ತರಿಸಿ. ಅದು ಏನು ಮಾಡಬೇಕೆಂದು ತಾನೇ ಮಾತಾಡಿ ಹೇಳುತ್ತದೆ.

ಇನ್ನೊಂದು ವಿಷಯ. ಹೃದಯ ನಿಲ್ಲುವ ಘಟನೆಗಳಲ್ಲಿ ಹೆಚ್ಚಿನವು ಆಗುವುದು ಮನೆಯಲ್ಲಿ. ರಸ್ತೆ, ಬಸ್ ಸ್ಟ್ಯಾಂಡ್ ಆಮೇಲಿನ ಮಾತು. ಆ ಹೊತ್ತಿಗೆ ಪಕ್ಕದಲ್ಲಿ ಇರುವುದು ಹೆಂಡತಿ, ಸೊಸೆ, ಶಾಲೆಗೆ ಹೋಗುವ ಮೊಮ್ಮಗ. ಪ್ರಥಮ ಚಿಕಿತ್ಸೆಯ ತರಬೇತಿ ಅಂದರೆ ಪೊಲೀಸರು, ಡ್ರೈವರ್‌ಗಳು, ಕಾಲೇಜು ಹುಡುಗರು ಎಂದೇ ನಾವು ಅಂದುಕೊಳ್ಳುತ್ತೇವೆ. ನನ್ನ ಮಟ್ಟಿಗೆ ಅದು ಮೊದಲು ಮುಟ್ಟಬೇಕಾದದ್ದು ಮನೆಯ ಹೆಣ್ಣುಮಕ್ಕಳಿಗೆ.

ನೀರಿಗೆ ಬಿದ್ದವರಿಗೆ ಉಸಿರು ಮೊದಲು

ಬೇಸಿಗೆ ರಜೆಯಲ್ಲಿ ಕಾಲುವೆ, ಬಾವಿ, ಕೃಷ್ಣಾ, ಘಟಪ್ರಭಾ ದಂಡೆ ಎಲ್ಲೆಡೆ ಹುಡುಗರು. ಈಗ ಕೃಷಿ ಹೊಂಡಗಳೂ ಸೇರಿವೆ. ಅದರ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಂದವರಿಗೂ ಹತ್ತಿ ಬರಲಾಗುವುದಿಲ್ಲ. ಒಬ್ಬನನ್ನು ಉಳಿಸಲು ಇಳಿದು ಇಬ್ಬರು, ಮೂವರು ಹೋದ ಸುದ್ದಿಯನ್ನು ಎಷ್ಟು ಸಲ ಓದುತ್ತೇವೆ. ಮುಳುಗುತ್ತಿರುವವನು ಕೈಗೆ ಸಿಕ್ಕವರನ್ನು ಕೆಳಗೆ ಅದುಮಿ ತಾನು ಮೇಲೆ ಬರಲು ನೋಡುತ್ತಾನೆ. ಅದು ಅವನ ಕೈಯಲ್ಲಿಲ್ಲ. ಹಾಗಾಗಿ ಇಳಿಯಬೇಡಿ. ಹಗ್ಗ, ಸೀರೆ, ಖಾಲಿ ಪ್ಲಾಸ್ಟಿಕ್ ಕೊಡ, ಟ್ರ್ಯಾಕ್ಟರಿನ ಟ್ಯೂಬು, ಏನು ಸಿಕ್ಕರೂ ಎಸೆಯಿರಿ. ಹೊಂಡ ಮಾಡಿಸಿದವರು ದಂಡೆಯಿಂದ ನೀರಿನವರೆಗೆ ಗಂಟು ಹಾಕಿದ ಒಂದು ಹಗ್ಗ ಕಟ್ಟಿ ಬಿಟ್ಟರೆ ಅದರ ಖರ್ಚು ಎಷ್ಟಾದೀತು?

ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗು ಮಾಡಿ ತಿರುಗಿಸುವುದು ನಮ್ಮಲ್ಲಿ ಇನ್ನೂ ನಡೆದಿದೆ. ಇದರಿಂದ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಇದ್ದ ಹೊತ್ತೂ ಹೋಗುತ್ತದೆ. ಮುಳುಗಿದವರಿಗೆ ಕೊರತೆಯಾದದ್ದು ಉಸಿರು. ಅವರ ರಕ್ತದಲ್ಲಿ ಆಮ್ಲಜನಕ ಆಗಲೇ ತೀರಿರುತ್ತದೆ, ಬರೀ ಎದೆ ಒತ್ತಿದರೆ ಸಾಲದು. ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಮೊದಲು ಉಸಿರು ಕೊಡಬೇಕು. ಆಮೇಲೆ 30 ಸಲ ಒತ್ತು, 2 ಸಲ ಉಸಿರು, ಹೀಗೆ ಮುಂದುವರಿಸಬೇಕು. ಚಿಕ್ಕ ಮಕ್ಕಳ ವಿಷಯದಲ್ಲೂ ಬಾಯಿಂದ ಉಸಿರು ಕೊಡುವುದನ್ನು ಬಿಡಬಾರದು.

ಪಂಪ್‌ಸೆಟ್ ಹತ್ತಿರ ಕರೆಂಟ್ ಹೊಡೆದವರಿಗೂ ಅಲ್ಲೇ ಕೈ ಹಚ್ಚಬೇಕು. ಆದರೆ ಮೊದಲು ಕರೆಂಟ್ ತೆಗೆಯಿರಿ, ಆಮೇಲೆ ಮುಟ್ಟಿ. ಹರಿದು ಬಿದ್ದ ದೊಡ್ಡ ಲೈನಿನ ತಂತಿಯ ಹತ್ತಿರಕ್ಕೂ ಹೋಗಬೇಡಿ.

ಹಾವು ಕಡಿದರೆ ಹೊರಡಿ

ಇಲ್ಲಿ ಲೆಕ್ಕ ತಲೆಕೆಳಗು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಕೆಲಸ ಮಾಡುವ ಒಂದೇ ಔಷಧ ಆಸ್ಪತ್ರೆಯಲ್ಲಿದೆ. ಬೇರೆ ಎಲ್ಲೂ ಇಲ್ಲ. ಕೊಯ್ದು ರಕ್ತ ತೆಗೆಯುವುದು, ಬಾಯಿಂದ ಹೀರುವುದು, ಬೇರು ಅರೆದು ಹಚ್ಚುವುದು, ಮಂತ್ರ ಹಾಕಿಸುವುದು, ಎಲ್ಲವೂ ಹೊತ್ತು ತಿನ್ನುವ ಕೆಲಸಗಳು. ಹಗ್ಗದಿಂದ ಬಿಗಿಯಾಗಿ ಕಟ್ಟಿದರೆ ರಕ್ತ ನಿಂತು ಕೈಯೋ ಕಾಲೋ ಕೊಳೆಯುತ್ತದೆ. ಹಾವನ್ನು ಹುಡುಕಿ ಕೊಂದು ಒಯ್ಯುವ ಅಗತ್ಯವಿಲ್ಲ. ಔಷಧ ನಾಲ್ಕಕ್ಕೂ ಒಂದೇ ಅಂದೆನಲ್ಲ.

ಮಾಡಬೇಕಾದದ್ದು ಸ್ವಲ್ಪವೇ. ಉಂಗುರ, ಬಳೆ, ಕಾಲಂದಿಗೆ ತೆಗೆಯಿರಿ, ಆಮೇಲೆ ಬಾವು ಬಂದರೆ ಕಳಚಲು ಬರುವುದಿಲ್ಲ. ಕಡಿದ ಭಾಗ ಅಲುಗದಂತೆ ಕೋಲು ಇಟ್ಟು ಸಡಿಲಾಗಿ ಕಟ್ಟಿ. ನಡೆಸಬೇಡಿ. ಔಷಧ ಇದೆಯಾ ಅಂತ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿಸಿ. ಆಂಬುಲೆನ್ಸ್ ತಡವಾಗುವುದಾದರೆ ಬೈಕಾದರೂ ಸರಿ. ಓಡಿಸುವವನ ಹಿಂದೆ ರೋಗಿ, ರೋಗಿಯ ಹಿಂದೆ ಅವನನ್ನು ಹಿಡಿದುಕೊಳ್ಳುವ ಇನ್ನೊಬ್ಬ. ನೇಪಾಳದ ತಗ್ಗು ಪ್ರದೇಶದ ಹಳ್ಳಿಗಳಲ್ಲಿ ಹೀಗೆ ಬೈಕಿನ ಸ್ವಯಂಸೇವಕರನ್ನು ಗೊತ್ತುಮಾಡಿದ ಮೇಲೆ ಹಾವು ಕಡಿತದ ಸಾವು ಬಹಳ ಇಳಿಯಿತು. ನಮ್ಮ ಪ್ರತಿ ಊರಿನಲ್ಲೂ ಇದು ಆಗುವಂಥ ಕೆಲಸ. ನಾಗರಹಾವು, ಕಟ್ಟುಹಾವಿನ ವಿಷ ಉಸಿರಾಟದ ಸ್ನಾಯುಗಳನ್ನೇ ಕಟ್ಟಿಹಾಕುತ್ತದೆ. ದಾರಿಯಲ್ಲಿ ಉಸಿರು ನಿಂತರೆ ಬಾಯಿಯಿಂದ ಉಸಿರು ಕೊಡುತ್ತಲೇ ಆಸ್ಪತ್ರೆ ಮುಟ್ಟಿಸಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಡಿಯುವುದು ಜಾಸ್ತಿ, ಗುರುತೂ ಕಾಣದು, ನೋವೂ ಅಷ್ಟಿರದು. ಬೆಳಗ್ಗೆ ಎದ್ದವರಿಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದ ಹಾಗೆ ಜೋಲು ಬಿದ್ದರೆ ಅನುಮಾನ ಪಡಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕು.

ಬೆಳೆಗೆ ಹೊಡೆಯುವ ಎಣ್ಣೆ ಕುಡಿದವರ ವಿಷಯದಲ್ಲೂ ಹೊರಡುವುದೇ ಮೊದಲು. ಉಪ್ಪುನೀರು, ಸಾಬೂನು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಆ ಡಬ್ಬಿಯನ್ನು ಜೊತೆಗೆ ಒಯ್ಯಿರಿ.

ರಸ್ತೆಯಲ್ಲಿ ಬಿದ್ದವರು

ಇಲ್ಲಿ ಎರಡೂ ಬೇಕು. ಮೊದಲು ಅಲ್ಲೇ ಎರಡು ಮೂರು ನಿಮಿಷದ ಕೆಲಸ, ಆಮೇಲೆ ಆಸ್ಪತ್ರೆ.

ಎಲ್ಲಕ್ಕಿಂತ ಮುಂಚೆ, ಸೇರಿದ ಜನದ ಮೇಲೆಯೇ ಇನ್ನೊಂದು ಲಾರಿ ಬರದಂತೆ ನೋಡಿಕೊಳ್ಳಿ. ಇಬ್ಬರು ದೂರಕ್ಕೆ ಹೋಗಿ ಎರಡೂ ಕಡೆ ಮೊಬೈಲ್ ಬೆಳಕು ಆಡಿಸಲಿ. ರಕ್ತ ಚಿಮ್ಮುತ್ತಿದ್ದರೆ ಟಾವೆಲ್, ದಸ್ತಿ, ಏನಾದರೂ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತಾ ಎಂದು ತೆಗೆದು ನೋಡಬೇಡಿ, ತೆಗೆದರೆ ಕಟ್ಟುತ್ತಿದ್ದ ಹೆಪ್ಪು ಕಿತ್ತು ಬರುತ್ತದೆ. ದೊಡ್ಡವರ ಮೈಯಲ್ಲಿ ಇರುವುದೇ ಸುಮಾರು 5 ಲೀಟರ್ ರಕ್ತ. ದೊಡ್ಡ ನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವಕ್ಕೇ ಅಪಾಯ ಬರುತ್ತದೆ. ರಾಶಿ ಮಷಿನ್‌ಗೆ, ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಾಗ ಒತ್ತಿದರೂ ನಿಲ್ಲದೆ ಹೋಗಬಹುದು. ಅಲ್ಲಿ ಮಾತ್ರ ಗಾಯದ ಮೇಲ್ಭಾಗಕ್ಕೆ ಅಗಲ ಬಟ್ಟೆ ಸುತ್ತಿ, ಕೋಲು ಸಿಕ್ಕಿಸಿ, ರಕ್ತ ನಿಲ್ಲುವವರೆಗೆ ತಿರುಚಿ ಕಟ್ಟಬೇಕು. ಎಷ್ಟು ಗಂಟೆಗೆ ಕಟ್ಟಿದಿರಿ ಎಂಬುದನ್ನು ಡಾಕ್ಟರಿಗೆ ಹೇಳಿ. ಅರಿಶಿನ, ಚಹಾಪುಡಿ ತುಂಬಬೇಡಿ.

ಇನ್ನು ನೀರು. ಎಚ್ಚರ ತಪ್ಪಿದವರಿಗೆ ನುಂಗುವ ಶಕ್ತಿ ಇರುವುದಿಲ್ಲ. ಬಾಯಿಗೆ ಹಾಕಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ನೀರು ಕೊಡುವುದು ನಮ್ಮಲ್ಲಿ ಪುಣ್ಯದ ಕೆಲಸ, ಅದಕ್ಕೇ ಯಾರೂ ತಡೆಯುವುದಿಲ್ಲ. ದಯವಿಟ್ಟು ತಡೆಯಿರಿ. ಉಸಿರು ಇದ್ದು ಎಚ್ಚರ ಇಲ್ಲದವರನ್ನು ಅಂಗಾತ ಬಿಟ್ಟರೂ ಅಪಾಯ, ನಾಲಿಗೆ ಹಿಂದೆ ಬಿದ್ದು, ವಾಂತಿ ಬಂದು ಉಸಿರು ಕಟ್ಟುತ್ತದೆ. ತಲೆ, ಕುತ್ತಿಗೆ, ಬೆನ್ನು ಒಟ್ಟಿಗೆ ಹೊರಳುವ ಹಾಗೆ ಮಗ್ಗುಲಿಗೆ ತಿರುಗಿಸಿ. ಗಾಡಿಗೆ ಏರಿಸುವಾಗಲೂ ಕೈಕಾಲು ಹಿಡಿದು ಎಳೆಯುವುದು ಬೇಡ. ಒಬ್ಬರು ತಲೆ ಹಿಡಿದು, ಉಳಿದವರು ಮೈಗೆ ಕೆಳಗಿನಿಂದ ಕೈಕೊಟ್ಟು, ಸಾಧ್ಯವಾದರೆ ಹಲಗೆಯ ಮೇಲೆ ಎತ್ತಿ. ಮುರಿದ ಬೆನ್ನೆಲುಬು ಅಲುಗಿದರೆ ಒಳಗಿನ ನರದ ಹುರಿ ತುಂಡಾಗಿ, ಬದುಕಿದವರೂ ಜೀವನವಿಡೀ ಹಾಸಿಗೆ ಹಿಡಿಯಬೇಕಾಗುತ್ತದೆ.

ಜನ ಸೇರಿದರೂ ಯಾರೂ ಕೈ ಹಚ್ಚದಿರುವುದು ಏಕೆ?

1968ರಲ್ಲಿ ಅಮೆರಿಕದ ಡಾರ್ಲಿ ಮತ್ತು ಲಾಟಾನೆ ಎಂಬ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಪಕ್ಕದ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದ ದನಿ ಕೇಳಿಸುತ್ತದೆ. ಕೇಳಿಸಿಕೊಂಡವನು ತಾನೊಬ್ಬನೇ ಎಂದು ತಿಳಿದಾಗ ಶೇ. 85 ಮಂದಿ ಆ ದನಿ ನಿಲ್ಲುವ ಮುಂಚೆಯೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ತಿಳಿದಾಗ ಎದ್ದವರು ಶೇ. 31. ಬೇರೆ ಯಾರಾದರೂ ಮಾಡುತ್ತಾರೆ ಅನ್ನುವ ಎಣಿಕೆ ಎಲ್ಲರ ತಲೆಯಲ್ಲೂ ಒಟ್ಟಿಗೆ ಬರುತ್ತದೆ. ಆದರೆ ಚಿತ್ರ ಇಷ್ಟೇ ಅಲ್ಲ. ಬ್ರಿಟನ್, ನೆದರ್‌ಲೆಂಡ್ಸ್, ದಕ್ಷಿಣ ಆಫ್ರಿಕಾದ ಬೀದಿ ಜಗಳಗಳ ಸಿಸಿಟಿವಿ ದೃಶ್ಯ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಕಡೆ ಯಾರಾದರೊಬ್ಬರು ನಡುವೆ ಬಂದಿದ್ದರು. ಜನ ಜಾಸ್ತಿ ಇದ್ದಷ್ಟೂ ಒಬ್ಬರಾದರೂ ಮುಂದೆ ಬರುವುದು ಹೆಚ್ಚಿತ್ತು. ಎರಡನ್ನೂ ಕೂಡಿಸಿ ನೋಡಿದರೆ ನನಗೆ ಅನ್ನಿಸುವುದು, ಜನಕ್ಕೆ ಮನಸ್ಸಿದೆ, ತನ್ನ ಪಾಲಿನ ಕೆಲಸ ಯಾವುದು ಅಂತ ಗೊತ್ತಾಗಬೇಕು.

ಹಾಗಾಗಿ "ಯಾರಾದ್ರೂ ಫೋನ್ ಮಾಡ್ರಿ" ಎಂದು ಕೂಗಿದರೆ ಯಾರೂ ಮಾಡುವುದಿಲ್ಲ. ಬೆರಳು ತೋರಿಸಿ ಹೇಳಬೇಕು. "ಕೆಂಪು ಅಂಗಿ ಅಣ್ಣಾರ, ನೀವು 108ಕ್ಕ ಫೋನ್ ಹಚ್ರಿ. ಸ್ಪೀಕರ್ ಹಾಕ್ರಿ, ಇಲ್ಲೇ ನಿಂದರ್ರಿ." "ತಮ್ಮಾ, ನೀ ಬೈಕ್ ತಗೊಂಡು ಡಾಂಬರ್ ರಸ್ತಿಗೆ ಹೋಗಿ ಆಂಬುಲೆನ್ಸಿಗೆ ದಾರಿ ತೋರ್ಸು." ಈ ಎರಡನೆಯದು ನಮ್ಮ ಜಿಲ್ಲೆಗಳಲ್ಲಿ ಬಹಳ ಮುಖ್ಯ. ತೋಟದ ಮನೆಗಳು ಊರಿಂದ ದೂರ ಚದುರಿಕೊಂಡಿವೆ, ಬೆಳೆದ ಕಬ್ಬಿನ ನಡುವೆ ಮನೆಯೇ ಕಾಣುವುದಿಲ್ಲ. ಹೆದ್ದಾರಿಯಲ್ಲಾದರೆ ಹತ್ತಿರದ ಕಿಲೋಮೀಟರ್ ಕಲ್ಲು, ಪೆಟ್ರೋಲ್ ಪಂಪ್, ಯಾವ ಊರ ಕಡೆ ಹೋಗುವ ಬದಿ ಎಂಬುದನ್ನು ಹೇಳಿ. ರಾಷ್ಟ್ರೀಯ ಹೆದ್ದಾರಿಗೆ 1033 ಕೂಡ ಇದೆ.

ಇನ್ನೊಂದು ತಡೆ ಪೊಲೀಸರ ಭಯ. "ಆಸ್ಪತ್ರೆಗೆ ಒಯ್ದರೆ ಸ್ಟೇಶನ್ನು, ಕೋರ್ಟು ಅಂತ ತಿರುಗಬೇಕಾಗುತ್ತದೆ" ಎನ್ನುವ ಮಾತು ಹಿಂದೆ ಸುಳ್ಳಾಗಿರಲಿಲ್ಲ. ಈಗ ಕಾನೂನು ಬೇರೆ ಇದೆ. ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಸಹಾಯ ಮಾಡಿದವರ ರಕ್ಷಣೆಯ ನಿಯಮಗಳಿಗೆ ಬಲ ಕೊಟ್ಟಿತು. ಇದಕ್ಕೆಂದೇ ಗುಡ್ ಸಮರಿಟನ್ ಕಾಯ್ದೆ ತಂದ ಮೊದಲ ರಾಜ್ಯ ಕರ್ನಾಟಕ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಪ್ರಕಾರ, ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ, ಗಾಯಾಳು ತೀರಿಹೋದರೂ, ಕೇಸು ಹಾಕುವಂತಿಲ್ಲ. ಹೆಸರು ಹೇಳಲೇಬೇಕೆಂದಿಲ್ಲ. ಸಾಕ್ಷಿ ಹೇಳುವುದು ನಿಮ್ಮ ಇಷ್ಟ. ಆಸ್ಪತ್ರೆಯವರು ನಿಮ್ಮನ್ನು ಕೂರಿಸಿಕೊಳ್ಳುವಂತಿಲ್ಲ, ದುಡ್ಡು ಕೇಳುವಂತಿಲ್ಲ. 2025ರ ಕೇಂದ್ರ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದಿಲ್ಲದೆ ಚಿಕಿತ್ಸೆ ಇದೆ. ಇವನ್ನೆಲ್ಲ ಪ್ರತಿ ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು ಅನ್ನುವುದು ನನ್ನ ಆಸೆ.

ಮೂರನೆಯ ತಡೆ ನಾಚಿಕೆ. ಬಿದ್ದದ್ದು ಹೆಂಗಸಾದರೆ ಗಂಡಸರು ಎದೆ ಮುಟ್ಟಲು ಹಿಂಜರಿಯುತ್ತಾರೆ. ಇದು ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಸಾರ್ವಜನಿಕ ಜಾಗದಲ್ಲಿ ಕುಸಿದ ಗಂಡಸರಲ್ಲಿ ಶೇ. 45 ಮಂದಿಗೆ ಅಲ್ಲಿದ್ದವರು ಎದೆ ಒತ್ತಿದ್ದರು, ಹೆಂಗಸರಲ್ಲಿ ಶೇ. 39. ಬಟ್ಟೆಯ ಮೇಲಿಂದಲೇ ಒತ್ತಬಹುದು, ಸೆರಗು ಸರಿಸುವ ಅಗತ್ಯವೂ ಇಲ್ಲ. ಸುತ್ತ ನಾಲ್ಕು ಹೆಣ್ಣುಮಕ್ಕಳು ಸೀರೆ ಹಿಡಿದು ಮರೆ ಮಾಡಿದರೆ ಒತ್ತುವವರಿಗೂ ಧೈರ್ಯ. ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದವರು ಇದನ್ನು ಕಲಿತರೆ ಈ ತಡೆ ತಾನೇ ಕಡಿಮೆಯಾಗುತ್ತದೆ.

ಕಲಿಸಿದರೆ ಎಷ್ಟು ಬದಲಾಗುತ್ತದೆ?

ಡೆನ್ಮಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ 2005ರಲ್ಲಿ ಶಾಲಾ ಮಕ್ಕಳಿಗೆ, 2006ರಲ್ಲಿ ಡ್ರೈವಿಂಗ್ ಲೈಸೆನ್ಸ್ ಬೇಕಾದವರಿಗೆ ಎದೆ ಒತ್ತುವ ತರಬೇತಿಯನ್ನು ಕಡ್ಡಾಯ ಮಾಡಿದರು. ಹೃದಯ ನಿಂತವರಿಗೆ ಅಲ್ಲಿದ್ದ ಜನರೇ ಕೈ ಹಚ್ಚಿದ ಪ್ರಮಾಣ 2001ರಲ್ಲಿ ಶೇ. 21 ಇದ್ದದ್ದು 2010ಕ್ಕೆ ಶೇ. 45 ಆಯಿತು. ಮೂವತ್ತು ದಿನ ದಾಟಿ ಬದುಕಿದವರು ಶೇ. 3.5ರಿಂದ 10.8ಕ್ಕೆ ಏರಿದರು. ಆಸ್ಪತ್ರೆಯ ಚಿಕಿತ್ಸೆಯೂ ಆ ಹೊತ್ತಿಗೆ ಸುಧಾರಿಸಿತ್ತು, ಎಲ್ಲ ಲಾಭವನ್ನೂ ಜನರ ಕೈಗೇ ಕಟ್ಟಲಾಗದು. ಆದರೂ ದೊಡ್ಡ ಪಾಲು ಅವರದು.

ಒಮ್ಮೆ ಕಲಿತರೆ ಸಾಲದು ಎಂಬುದೂ ನಿಜ. ಮೂರರಿಂದ ಆರು ತಿಂಗಳಲ್ಲೇ ಕೈಯ ರೂಢಿ ಮಾಸಲು ಶುರುವಾಗುತ್ತದೆ. ನಮ್ಮಲ್ಲಿ ಇದಕ್ಕೊಂದು ಒಳ್ಳೆಯ ಸಂದರ್ಭ ಇದ್ದೇ ಇದೆ. ಸಕ್ಕರೆ ಕಾರ್ಖಾನೆಗಳಲ್ಲಿ ಪ್ರತಿ ವರ್ಷ ಹಂಗಾಮಿಗೆ ಮುಂಚೆ ಬಾಯ್ಲರ್ ಪೂಜೆ ಆಗುತ್ತದೆ. ಅದೇ ವಾರ ಟ್ರ್ಯಾಕ್ಟರ್ ಡ್ರೈವರ್‌ಗಳಿಗೂ ಕಬ್ಬು ಕಡಿಯುವ ಗ್ಯಾಂಗುಗಳಿಗೂ ಅರ್ಧ ದಿನ ಇದನ್ನು ಕಲಿಸಲಿ. ಹಾವು, ಕೊಯ್ತದ ಗಾಯ, ರಸ್ತೆ ಅಪಘಾತ ಮೂರೂ ಎದುರಾಗುವುದು ಅವರಿಗೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರರಲ್ಲೂ ಮೆಡಿಕಲ್ ಕಾಲೇಜುಗಳಿವೆ. ಕಲಿಸುವವರು ಸಿಗುತ್ತಾರೆ, ಕೇಳುವವರು ಬೇಕು.

ಕೊನೆಗೆ ಕೈ ಹಚ್ಚಿದವರ ಬಗ್ಗೆ. ಎಲ್ಲ ಸರಿಯಾಗಿ ಮಾಡಿದರೂ ಹೃದಯ ನಿಂತವರಲ್ಲಿ ಹೆಚ್ಚಿನವರು ಉಳಿಯುವುದಿಲ್ಲ. ಡೆನ್ಮಾರ್ಕಿನ ಸುಧಾರಿಸಿದ ಲೆಕ್ಕದಲ್ಲೂ ಹತ್ತರಲ್ಲಿ ಒಂಬತ್ತು ಮಂದಿ ತೀರಿಹೋದರು. ವಯಸ್ಸು, ಕಾಯಿಲೆ, ಕುಸಿದದ್ದನ್ನು ಯಾರಾದರೂ ಕಣ್ಣಾರೆ ಕಂಡರೋ ಇಲ್ಲವೋ, ಇವು ಯಾವುವೂ ಒತ್ತುವವರ ಕೈಯಲ್ಲಿಲ್ಲ. ಆದರೆ ಊರಲ್ಲಿ "ಅವ ಒತ್ತಿದ್ದಕ್ಕೇ ಹೋದ" ಎನ್ನುವ ಬಾಯಿಗಳು ಇರುತ್ತವೆ. ಹೃದಯ ನಿಂತ ಮೇಲೆ ಒತ್ತಿದ್ದು, ಒತ್ತಿದ್ದಕ್ಕೆ ನಿಂತದ್ದಲ್ಲ ಎಂದು ಅಂಥವರಿಗೆ ಮುಖಕ್ಕೇ ಹೇಳಬೇಕು. ಸಹಾಯ ಮಾಡಿದವರಿಗೆ ಕೆಲವು ದಿನ ಆ ಮುಖವೇ ಕಣ್ಣಮುಂದೆ ಬರುವುದು, ಊಟ ಸೇರದಿರುವುದು ಸಹಜ. ಯಾರ ಹತ್ತಿರವಾದರೂ ಮಾತಾಡಿದರೆ ಹಗುರಾಗುತ್ತದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಬಹುದು. ಹಗಲು ರಾತ್ರಿ ಯಾವಾಗ ಬೇಕಾದರೂ ಸರಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.